ಮುಂದುವರಿಸಲೇ ಎಂದು ಗಾಡಿ ಕೇಳಿದಾಗ

ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಗಂಡಸರ ಅಂಗಿಗಳನ್ನು ಬೇರೆ ಬಕೀಟಿನಲ್ಲಿ ನೆನೆಹಾಕುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಬಳ್ಳಿಯ ಟೊಂಗೆ ಕತ್ತರಿಸಿ ಚಾಟನಿ ಮಾಡಿದ ದಿನದಿಂದ ಹಣ್ಣು ಇಳಿಸುವ ತನಕ ಈ ಎಣ್ಣೆ ಹೊಡೆಯುವ ಕೆಲಸ ಮುಗಿಯುವುದೇ ಇಲ್ಲ. ಇಬ್ಬನಿ ಬಿದ್ದರೆ ಒಂದು ಸಲ, ಮೋಡ ಕವಿದರೆ ಇನ್ನೊಂದು ಸಲ, ಎಲೆಯ ಮೇಲೆ ಬೂದಿ ರೋಗ ಕಂಡರಂತೂ ಮುಗಿದೇ ಹೋಯಿತು. ಚಪ್ಪರದ ಕೆಳಗೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗುವವನ ಮೇಲೆ ಅರ್ಧ ಬೀಳುತ್ತದೆ, ಬಳ್ಳಿಯ ಮೇಲೆ ಅರ್ಧ.

ರಾಜಾರಾಮನ ಮನೆಯಲ್ಲೂ ಇದೇ ಕಥೆ. ಹೋದ ವರ್ಷ ಎಣ್ಣೆ ಹೊಡೆಯುವಾಗ ಅವನು ತಲೆ ತಿರುಗಿ ಸಾಲಿನಲ್ಲೇ ಬಿದ್ದಿದ್ದ. ದವಾಖಾನೆಯಿಂದ ಎದ್ದು ಬಂದ, ಆದರೆ ಕೆಮ್ಮು ಅವನ ಜೊತೆಗೇ ಮನೆಗೆ ಬಂದು ಉಳಿದುಕೊಂಡಿತು. ಅವನು ಕೆಮ್ಮಿದಾಗಲೆಲ್ಲ ಹೆಂಡತಿ ವಿಶಾಖಾ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನೋಡುತ್ತಿದ್ದಳು. ತೋಟ ಮಾರಿಬಿಡೋಣ ಎಂದು ಕೂಡ ಒಮ್ಮೆ ಅಂದಿದ್ದಳು. ತೋಟ ಮಾರಿ ಉಣ್ಣುವುದೇನು ಎಂದು ಅವನು ಕೇಳಿದ್ದ.

ಅಂಥ ಹೊತ್ತಿನಲ್ಲಿ ಅವರ ರೈತ ಸಂಘವು ಚಾಲಕನಿಲ್ಲದ ಗಾಡಿಯೊಂದನ್ನು ತಂದಿತು. ಸರದಿಯ ಮೇಲೆ ಒಬ್ಬೊಬ್ಬರ ತೋಟಕ್ಕೆ ಬಂದು ಎಣ್ಣೆ ಹೊಡೆಯುವ ಗಾಡಿ. ಎಮ್ಮೆಯಷ್ಟು ಎತ್ತರ, ಕೂರಲು ಜಾಗವಿಲ್ಲ, ಹಿಡಿಯಲು ಸ್ಟೇರಿಂಗ್ ಇಲ್ಲ. ಸಾಲಿನ ತುದಿಯಲ್ಲಿ ಬಿಟ್ಟರೆ ತಾನೇ ಒಳಗೆ ಹೋಗಿ, ತಾನೇ ತಿರುಗಿ, ಮುಂದಿನ ಸಾಲಿನಿಂದ ಹೊರಗೆ ಬರುತ್ತದೆ. ದಾರಿ ನೋಡಲು ಮುಂದುಗಡೆ ಗಾಜಿನ ಕಣ್ಣು. ನೆತ್ತಿಯ ಮೇಲೆ ದೀಪ. ಎಲ್ಲ ಸರಿಯಿದ್ದರೆ ಹಸಿರು, ಸಂಶಯ ಬಂದರೆ ಹಳದಿ, ಅಪಾಯವಾದರೆ ಕೆಂಪು. ಎರಡೂ ಪಕ್ಕಕ್ಕೆ ಅಂಗೈಯಗಲದ ಕೆಂಪು ಗುಂಡಿ, ಒತ್ತಿದರೆ ಎಂಥ ಓಟದಲ್ಲಿದ್ದರೂ ನಿಲ್ಲಬೇಕು. ಮುಂದೆ ಏನಾದರೂ ಅಡ್ಡ ಕಂಡರೆ ಗಾಡಿ ತಾನಾಗಿ ನಿಂತು, ಒಡೆಯನ ಫೋನಿಗೆ ತನಗೆ ಕಂಡದ್ದರ ಚಿತ್ರ ಕಳಿಸಿ, “ಮುಂದುವರಿಸಲೇ?” ಎಂದು ಕೇಳುತ್ತದೆ.

ಗಾಡಿಯ ಜೊತೆ ಬಂದವಳು ದಾನೇಶ್ವರಿ. ಸಂಘದ ಯಂತ್ರಗಳನ್ನು ನೋಡಿಕೊಳ್ಳುವ ಹುಡುಗಿ, ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ದಿನಾ ಸ್ಕೂಟಿಯಲ್ಲಿ ಬರುತ್ತಾಳೆ. ಕೆಲಸ ನಡೆಯುವಾಗ ಸಾಲಿನ ತುದಿಯಲ್ಲಿ ಒಬ್ಬರು ನಿಂತಿರಬೇಕು, ಸಾಲಿನೊಳಗೆ ಯಾರೂ ಹೋಗಬಾರದು, ಗಾಡಿ ಕೇಳಿದಾಗ ಕಣ್ಣಾರೆ ನೋಡದೆ ಮುಂದುವರಿಸು ಎನ್ನಬಾರದು ಎಂದು ಅವಳು ಮೊದಲ ದಿನವೇ ತಿಳಿಸಿ ಹೇಳಿದ್ದಳು. ರಾಜಾರಾಮ ತಲೆ ಆಡಿಸಿದ. ಅವಳ ಸ್ಕೂಟಿ ಮರೆಯಾಗುತ್ತಲೇ ಹೆಂಡತಿಯ ಕಡೆ ತಿರುಗಿ ನಕ್ಕ.

“ಡ್ರೈವರ್ ಬ್ಯಾಡ ಅಂತ ಗಾಡಿ ತಂದೇವಿ. ಈಗ ಅದನ್ನ ಕಾಯಾಕ ಮತ್ತೊಬ್ಬರು ನಿಂದರಬೇಕಂತ. ಹಂಗಾದ್ರ ಇದನ್ನ ಯಾಕ ತರಬೇಕಿತ್ತ?”

ಇನ್ನು ರಾಜಾರಾಮನ ತಾಯಿ ಚಂದ್ರಾಬಾಯಿಯ ವಿಷಯ. ಹಟ್ಟಿಯಲ್ಲಿ ಎತ್ತು ಇಲ್ಲವಾಗಿ ಬಹಳ ಕಾಲವಾಗಿದ್ದರೂ ಆ ಮುದುಕಿಯ ಕೈ ಇನ್ನೂ ಎತ್ತಿನ ಮೈ ಹುಡುಕುತ್ತಿತ್ತು. ಗಾಡಿ ಬಂದ ದಿನ ಆರತಿ ಎತ್ತಿ, ದೃಷ್ಟಿ ತೆಗೆದು, ಅದಕ್ಕೆ ಮೂಕಪ್ಪ ಎಂದು ಹೆಸರಿಟ್ಟಳು. ಕಬ್ಬಿಣಕ್ಕೆ ಹೆಸರು ಯಾಕೆ ಎಂದು ಮಗ ಕೇಳಿದರೆ, ಮನೆಗೆ ದುಡಿಯುವವರನ್ನು ಏ ಇವನೇ ಎಂದು ಕರೆಯುತ್ತಾರೇನು ಎಂದು ತಿರುಗಿ ಕೇಳಿದಳು. ಅವರ ತೋಟದ ಸರದಿ ಬಂದಾಗಲೆಲ್ಲ ಬೆಳಗಾಗುತ್ತಲೇ ಸ್ನಾನ ಮಾಡಿ, ಅರಿಶಿನ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೂಕಪ್ಪನ ಹಣೆಗೆ ಹಚ್ಚುತ್ತಿದ್ದಳು. ಎತ್ತಿಗಾದರೆ ಎರಡು ಕಣ್ಣಿನ ನಡುವೆ ಹಣೆ ಇರುತ್ತದೆ. ಈ ಗಾಡಿಗೆ ಹಣೆ ಎಲ್ಲಿ? ಮುಂದುಗಡೆ ನಡುಮಧ್ಯೆ ನುಣ್ಣಗೆ ಹೊಳೆಯುವ ಗಾಜೊಂದಿತ್ತು. ಅವಳಿಗೆ ಅದೇ ಹಣೆಯಾಗಿ ಕಂಡಿತು.

ಮುದುಕಿಯನ್ನು ಬೈಯಬೇಡಿ. ಹೊಸ ಸೈಕಲ್ಲಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಕುಂಕುಮ ಹಚ್ಚದೆ ನಾವು ಯಾವುದನ್ನು ಮುಟ್ಟಿದ್ದೇವೆ? ಅವಳು ಮಾಡಿದ್ದು ನಾವೆಲ್ಲ ಮಾಡುವುದನ್ನೇ, ನಮಗಿಂತ ಹೆಚ್ಚು ಪ್ರೀತಿಯಿಂದ ಮಾಡಿದಳು ಅಷ್ಟೆ.

ಗಾಡಿಗೆ ಮಾತ್ರ ಹೊರಗಿನ ಲೋಕವೆಲ್ಲ ಹಳದಿಯಾಗಿ ಮಸುಕಾಯಿತು. ಹತ್ತು ಮಾರು ಹೋಗುವುದು, ಎದುರಿಗೆ ಏನೋ ಇದೆ ಎಂದು ನಿಲ್ಲುವುದು, ಕೂಗುವುದು, ಫೋನಿಗೆ ಕೇಳುವುದು. ಮೊದಮೊದಲು ರಾಜಾರಾಮ ಸಾಲಿನೊಳಗೆ ಇಣುಕಿ ನೋಡಿದ. ಏನೂ ಇರಲಿಲ್ಲ. ಫೋನಿನ ಚಿತ್ರ ತೆಗೆದರೆ ಕೆಂಪು ಹಳದಿ ನೆರಳು. ಎಲೆ ಅಡ್ಡ ಬಂದಿರಬೇಕು ಎಂದುಕೊಂಡ. ಕೆಲವು ಸಲ ಹೀಗಾದ ಮೇಲೆ ಸಾಲಿಗೆ ಇಣುಕುವುದನ್ನು ಬಿಟ್ಟ. ಆಮೇಲೆ ಚಿತ್ರ ತೆಗೆಯುವುದನ್ನೂ ಬಿಟ್ಟ. ಫೋನು ಕುಂಯ್ ಎಂದರೆ ಸಾಕು, ಹೆಬ್ಬೆರಳು ತಾನಾಗಿ ಹೋಗಿ “ಮುಂದುವರಿಸು” ಎಂಬುದನ್ನು ಒತ್ತಿ ಬರುತ್ತಿತ್ತು. ದಾನೇಶ್ವರಿಗೆ ಒಂದು ಫೋನ್ ಮಾಡಿ ಕೇಳೋಣ ಎಂದು ವಿಶಾಖಾ ಹೇಳಿದಳು. ಸಣ್ಣ ಮಾತಿಗೆಲ್ಲ ಆ ಹುಡುಗಿಯನ್ನು ಓಡಾಡಿಸುವುದು ಬೇಡ ಎಂದು ಅವನು ತಳ್ಳಿಹಾಕಿದ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಾಗೆ.

ಆ ದಿನ ಅವನು ವಿಜಯಪುರಕ್ಕೆ ಹೋಗಿದ್ದ. ಹನಿ ನೀರಾವರಿಯ ಪೈಪು ಒಡೆದಿತ್ತು, ಗಾಂಧಿ ಚೌಕದ ಅಂಗಡಿಯಲ್ಲಿ ಜೋಡಣೆಯ ಸಾಮಾನು ಕೊಳ್ಳಬೇಕಿತ್ತು. ತೋಟದಲ್ಲಿ ಗಾಡಿ ಕೆಲಸ ಮಾಡುತ್ತಿತ್ತು, ಸಾಲಿನ ತುದಿಯಲ್ಲಿ ವಿಶಾಖಾ ನಿಂತಿದ್ದಳು. ಅಷ್ಟರಲ್ಲಿ ಕರೆಂಟ್ ಬಂತು. ಹೊಲದ ಕರೆಂಟ್ ನಿಮಗೆ ಗೊತ್ತೇ ಇದೆ, ಬೀಗರ ಹಾಗೆ ಹೇಳದೆ ಬಂದು ಹೇಳದೆ ಹೋಗುತ್ತದೆ. ಮೋಟಾರು ಚಾಲೂ ಮಾಡಲು ಅವಳು ಬಾವಿಯ ಕಡೆ ಓಡಿದಳು. ಓಡುವಾಗ, ರೊಟ್ಟಿ ಗಂಟು ಹಿಡಿದು ಆಗಷ್ಟೇ ಬಂದಿದ್ದ ಅತ್ತೆಗೆ ಗಾಡಿಯನ್ನು ಸ್ವಲ್ಪ ನೋಡುತ್ತಿರಿ ಎಂದು ಹೇಳಿ ಹೋದಳು.

ಚಂದ್ರಾಬಾಯಿ ನೋಡಿದಳು. ಮೂಕಪ್ಪ ಸಾಲಿನ ನಡುವೆ ನಿಂತುಬಿಟ್ಟಿದ್ದ, ನೆತ್ತಿಯ ಮೇಲೆ ಹಳದಿ ದೀಪ. ಎಣ್ಣೆಯ ಕಾರಂಜಿಯೂ ನಿಂತಿತ್ತು. ನಡೆಯದೆ ನಿಂತ ಎತ್ತನ್ನು ಬಾರುಕೋಲಿನಿಂದ ಹೊಡೆಯುವವರ ಮನೆಯಲ್ಲ ಅವಳದು. ಎದುರಿಗೆ ಹೋಗಿ, ಹಣೆ ಸವರಿ, ಎರಡು ಮಾತಾಡಿ ಮುಂದಕ್ಕೆ ಕರೆಯಬೇಕು. ಸೆರಗನ್ನು ಮೂಗಿಗೆ ಹಿಡಿದುಕೊಂಡು ಚಪ್ಪರದ ಕೆಳಗೆ ಬಗ್ಗಿ ನಡೆದಳು. ಗಾಡಿಯ ಮುಂದೆ ನಿಂತು ಅಂಗೈಯನ್ನು ಗಾಜಿನ ಮೇಲಿಟ್ಟಳು.

“ಯಾಕ ನಿಂತಿ ಯಪ್ಪಾ? ದಣದಿ ಏನ?”

ಎದುರಿಗೆ ಅಲುಗಾಟ ಕಾಣುತ್ತಲೇ ಗಾಡಿ ಹೊಸ ಚಿತ್ರ ಕಳಿಸಿತ್ತು, ಗಾಂಧಿ ಚೌಕದಲ್ಲಿ ಫೋನು ಕುಂಯ್ ಎಂದಿತು. ರಾಜಾರಾಮ ಎಡಗೈಯಲ್ಲಿ ಪೈಪಿನ ತುಂಡು ಹಿಡಿದು ಅಂಗಡಿಯವನ ಜೊತೆ ಅಳತೆಯ ಮಾತಾಡುತ್ತಿದ್ದ. ಬಲಗೈಯ ಹೆಬ್ಬೆರಳು ಹೋಗಿ ಒತ್ತಿ ಬಂತು.

ಬಾವಿಯ ಹತ್ತಿರವಿದ್ದ ವಿಶಾಖಾಳಿಗೆ ಅತ್ತೆಯ ಕೂಗು ಕೇಳಿತು. ಅವಳು ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಮುದುಕಿ ಅಂಗಾತ ಬಿದ್ದಿದ್ದಳು, ಸೀರೆಯ ನಿರಿಗೆ ಗಾಲಿಯ ಕೆಳಗೆ ಸಿಕ್ಕಿತ್ತು, ಗಾಡಿ ಇನ್ನೂ ಒತ್ತುತ್ತಿತ್ತು. ವಿಶಾಖಾ ಎರಡೂ ಕೈಯಿಂದ ಕೆಂಪು ಗುಂಡಿಯ ಮೇಲೆ ಬಿದ್ದಳು. ಗಾಡಿ ನಿಂತಿತು. ಗಾಲಿಗೂ ಅತ್ತೆಯ ಮೊಣಕಾಲಿಗೂ ನಡುವೆ ಒಂದು ಗೇಣು ಉಳಿದಿತ್ತು. ಅಂಗಾತ ಬಿದ್ದ ಹೊಡೆತಕ್ಕೆ ಅತ್ತೆಯ ಎಡಗೈಯ ಮಣಿಕಟ್ಟು ಮುರಿದಿತ್ತು.

ಅತ್ತೆಯನ್ನು ನೆರಳಿಗೆ ತಂದು ಕೂರಿಸಿ, ನೀರು ಕುಡಿಸಿ, ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಏನಾಯಿತೆಂದು ಹೇಳಿ, ಒಂದೇ ಮಾತು ಕೇಳಿದಳು.

“ಈಗ ಸ್ವಲ್ಪ ಹೊತ್ತಿನ ಹಿಂದ ನೀವ ಫೋನಿನಾಗ ಏನರ ಒತ್ತಿದ್ರೇನ್ರಿ?”

ರಾಜಾರಾಮ ಪೈಪಿನ ತುಂಡನ್ನು ಅಂಗಡಿಯಲ್ಲೇ ಬಿಟ್ಟು ಹೊರಟ.

ಪಕ್ಕದ ತೋಟದ ಯುನುಸ ತನ್ನ ಜೀಪಿನಲ್ಲಿ ಮುದುಕಿಯನ್ನು ವಿಜಯಪುರದ ದವಾಖಾನೆಗೆ ಕರೆತಂದ. ಒಳಗೆ ಕೈಗೆ ಪಟ್ಟಿ ಹಾಕುತ್ತಿದ್ದರು. ಹೊರಗೆ ಬಾಕಿನ ಮೇಲೆ ಕೂತ ರಾಜಾರಾಮ ಆ ಚಿತ್ರವನ್ನು ಆಗ ತೆರೆದು ನೋಡಿದ. ಹಳದಿ ಮಬ್ಬಿನ ಹಿಂದೆ ಒಂದು ಕೈ. ಮಣಿಕಟ್ಟಿನಿಂದ ಮೇಲಕ್ಕೆ ಹಸಿರು ಹಚ್ಚೆ. ಸಣ್ಣವನಿದ್ದಾಗ ಬೆರಳಿಟ್ಟು ಎಣಿಸುತ್ತಿದ್ದ ಅದೇ ಹಚ್ಚೆಯ ಚುಕ್ಕಿಗಳು. ಎಷ್ಟೇ ಮಬ್ಬಿದ್ದರೂ ಅವನಿಗೆ ಗುರುತು ಸಿಗದ ಕೈಯಲ್ಲ ಅದು. ಒಂದು ಸಲ ನೋಡಿದ್ದರೆ ಸಾಕಿತ್ತು. ಅವನು ಫೋನನ್ನು ಎದೆಗೆ ಒತ್ತಿಕೊಂಡು ಅತ್ತ. ಯುನುಸ ಅವನ ಬೆನ್ನ ಮೇಲೆ ಕೈ ಇಟ್ಟು ಕೂತ.

ಮನೆಗೆ ಬಂದ ಮೇಲೆ ರಾಜಾರಾಮ ಹಟ ಹಿಡಿದ. ಗಾಡಿ ಬೇಡ, ಸಂಘಕ್ಕೆ ಹೇಳಿ ನಮ್ಮ ಸರದಿ ಬಿಡಿಸಿಕೊಳ್ಳುತ್ತೇನೆ, ಮೊದಲಿನ ಹಾಗೆ ನಾನೇ ಟ್ರ್ಯಾಕ್ಟರ್ ಮೇಲೆ ಕೂತು ಹೊಡೆಯುತ್ತೇನೆ ಎಂದ. ಹೇಳುತ್ತಲೇ ಕೆಮ್ಮಿದ. ವಿಶಾಖಾಳಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಆ ಗಾಡಿಯ ಹತ್ತಿರ ಹೋಗಲು ಈಗ ಅವಳಿಗೆ ಮನಸ್ಸಿರಲಿಲ್ಲ. ಗಂಡ ಮತ್ತೆ ಆ ವಿಷದ ಮಂಜಿನೊಳಗೆ ಹೋಗುವುದೂ ಬೇಡವಾಗಿತ್ತು.

“ಅತ್ತೀನೂ ಬೇಕು ನನಗ, ನೀವೂ ಬೇಕು,” ಅಂದಳು. “ಒಬ್ಬರನ್ನ ಉಳಿಸಾಕ ಒಬ್ಬರನ್ನ ಕಳಕೊಳ್ಳೂದು ನನಗ ಆಗಂಗಿಲ್ರಿ. ಏನ ತಪ್ಪಾತು ಅಂತ ಮೊದಲ ದಾನೇಶ್ವರಿ ಬಂದು ನೋಡಲಿ.”

ದಾನೇಶ್ವರಿ ಬಂದಳು. ಮೊದಲು ಮುದುಕಿಯ ಪಕ್ಕದಲ್ಲಿ ಕೂತು ಪಟ್ಟಿ ಹಾಕಿದ ಕೈ ಸವರಿದಳು, ಆಮೇಲೆ ರಾಜಾರಾಮನ ಜೊತೆ ತೋಟಕ್ಕೆ ಹೋದಳು. ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಾಜಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಅರಿಶಿನ ಕುಂಕುಮ ಅಂಟಿತು. ಇದು ಗಾಡಿಯ ಕಣ್ಣು, ಇದು ಮಬ್ಬಾದದ್ದಕ್ಕೇ ಗಾಡಿ ಅಷ್ಟು ಸಲ ನಿಲ್ಲುತ್ತಿತ್ತು ಎಂದಳು.

ರಾಜಾರಾಮ, ಇದನ್ನು ಅವ್ವನಿಗೆ ಹೇಳಬೇಡ ಎಂದು ಬೇಡಿಕೊಂಡ. ಪ್ರೀತಿಯಿಂದ ಮಾಡಿದ್ದು ಹೀಗಾಯಿತು ಎಂದು ಗೊತ್ತಾದರೆ ಅವಳು ಊಟ ಬಿಡುತ್ತಾಳೆ. ತಪ್ಪೆಲ್ಲ ನನ್ನದೇ ಎಂದು ಹೇಳಿಬಿಡುತ್ತೇನೆ, ಅವಳ ಪಾಲಿನದು ಅವಳಿಗೆ ಗೊತ್ತಾಗುವುದೇ ಬೇಡ ಎಂದ.

ದಾನೇಶ್ವರಿ ಬೆರಳಿಗಂಟಿದ್ದ ಕುಂಕುಮ ಒರೆಸಿಕೊಂಡಳು.

“ಅಣ್ಣಾರ, ಮುಚ್ಚಿಟ್ರ ಆಯಿ ನಾಳೆ ಮತ್ತ ಹಚ್ಚತಾರ. ನಾ ಹೇಳೂದಕ್ಕಿಂತ ನೀವ ಹೇಳ್ರಿ. ನಿಮ್ಮ ಬಾಯಿಂದ ಬಂದ್ರ ಅವರಿಗಿ ನೋವ ಕಡಿಮಿ.”

ಸಂಜೆ ಅವನು ತಾಯಿಯ ಹಾಸಿಗೆಯ ಹತ್ತಿರ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗಾಜು ಹಣೆಯಲ್ಲ, ಕಣ್ಣು ಎಂದು ಹೇಳಿದ. ಅದು ಮತ್ತೆ ಮತ್ತೆ ಕೇಳಿದಾಗ ತಾನು ನೋಡದೆ ಒತ್ತುತ್ತಿದ್ದುದನ್ನು ಹೇಳಿದ. ಆ ದಿನದ ಚಿತ್ರವನ್ನೂ ತೋರಿಸಿದ. ಚಂದ್ರಾಬಾಯಿ ಫೋನನ್ನು ಬಲಗೈಯಲ್ಲಿ ಹಿಡಿದು ತನ್ನ ಕೈಯನ್ನೇ ಬಹಳ ಹೊತ್ತು ನೋಡಿದಳು.

“ಹಂಗಾದ್ರ ಅದು ಕೇಳಿತ್ತು,” ಅಂದಳು. “ಮುದುಕಿ ಎದುರಿಗಿ ನಿಂತಾಳ, ಏನ ಮಾಡ್ಲಿ ಅಂತ ನಿನ್ನ ಕೇಳಿತ್ತು.”

“ಹೂಂ ಅವ್ವಾ. ಕೇಳಿತ್ತು.”

“ಅದಕ್ಕ ಕಾಣಲಾರದಂಗ ನಾ ಮಾಡೀನಿ. ಆದರೂ ಪಾಪ ಅದು ನಿಂತು ಕೇಳೇತಿ ನೋಡು.” ಮಗನ ತಲೆಯ ಮೇಲೆ ಕೈ ಇಟ್ಟಳು. “ಅಳಬ್ಯಾಡ. ನನ್ನ ಕೈ ಕೂಡತೈತಿ. ಇನ್ನ ಮ್ಯಾಲೆ ಅದು ಕೇಳಿದಾಗ ನೋಡಿ ಹೇಳು. ಅಷ್ಟ ಮಾಡಪಾ ನನ್ನ ಸಲುವಾಗಿ.”

ಮರುದಿನ ದಾನೇಶ್ವರಿ ಇಡೀ ಮನೆಯನ್ನು ಗಾಡಿಯ ಸುತ್ತ ನಿಲ್ಲಿಸಿಕೊಂಡು ಹೊಸದಾಗಿ ಕಲಿಸಿದಳು. ಈ ಸಲ ಯಾರೂ ನಗಲಿಲ್ಲ. ಕೆಲಸ ಶುರು ಮಾಡುವ ಮೊದಲು ಒದ್ದೆ ಅರಿವೆಯಿಂದ, ಆಮೇಲೆ ಒಣ ಅರಿವೆಯಿಂದ ಕಣ್ಣೊರೆಸಬೇಕು, ಯಾಕೆಂದರೆ ಕುಂಕುಮ ಇಲ್ಲದಿದ್ದರೂ ಎಣ್ಣೆಯ ಹನಿ, ಧೂಳು ಕೂತೇ ಕೂರುತ್ತದೆ. ಕೆಂಪು ಗುಂಡಿಗಳನ್ನು ದಿನಾ ಒಮ್ಮೆ ಒತ್ತಿ, ನಿಲ್ಲುತ್ತದೋ ಇಲ್ಲವೋ ಎಂದು ನೋಡಬೇಕು. ಗಾಡಿ ಪದೇ ಪದೇ ನಿಂತು ಕೂಗಿದರೆ ಅದು ಹುಚ್ಚು ಹಿಡಿದು ಕೂಗುವುದಲ್ಲ, ತನಗೇನೋ ಆಗಿದೆ ಎಂದು ಹೇಳುತ್ತಿರುತ್ತದೆ. ಆಗ ಕೆಲಸ ನಿಲ್ಲಿಸಿ ಸಂಘಕ್ಕೆ ತಿಳಿಸಬೇಕು.

ಆಮೇಲೆ ರಾಜಾರಾಮನ ಫೋನನ್ನು ಕೇಳಿ ತೆಗೆದುಕೊಂಡು, ಗಾಡಿಯ ದೀಪದ ಬಣ್ಣ ತೋರಿಸುವ ಹಸಿರು ಚುಕ್ಕಿಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಹೊತ್ತನ್ನು ತೋರಿಸಿದಳು. ತೋಟದಲ್ಲಿ ನೆಟ್‌ವರ್ಕ್ ಹೋದರೆ ಫೋನು ಹಳೆಯ ಹಸಿರನ್ನೇ ತೋರಿಸುತ್ತಾ ಕೂರುತ್ತದೆ, ಅದನ್ನು ನಂಬಿ ಕೂತವನು ಮೋಸ ಹೋಗುತ್ತಾನೆ ಎಂದಳು.

“ಬಣ್ಣ ಅಷ್ಟ ನೋಡಬ್ಯಾಡ್ರಿ. ಹೊತ್ತೂ ನೋಡ್ರಿ. ಮುಂಜಾನಿ ಹಸರ ಇದ್ದದ್ದು ಮಧ್ಯಾಹ್ನದ ಮಾತ ಹೇಳಂಗಿಲ್ಲ.”

ವಿಶಾಖಾ ಒಂದು ಪ್ರಶ್ನೆ ಕೇಳಿದಳು. ತುದಿಯಲ್ಲಿ ನಿಂತವರಿಗೆ ಕರೆಂಟ್ ಬಂತೆಂದು ಹೋಗಲೇಬೇಕಾದರೆ ಏನು ಮಾಡುವುದು? ದಾನೇಶ್ವರಿ ಗಾಡಿಯ ಪಕ್ಕದ ಕೆಂಪು ಗುಂಡಿ ತೋರಿಸಿದಳು. ಸಾಲಿನ ತುದಿಗೆ ಬಂದಾಗ ಒತ್ತಿ, ನಿಲ್ಲಿಸಿ, ಆಮೇಲೆ ಹೋಗಿ. ಕಲಿಯದವರ ಕೈಗೆ ಕಾವಲು ಕೊಟ್ಟು ಹೋಗುವುದು ಬೇಡ. ನಿಂತ ಗಾಡಿಯಿಂದ ಯಾರ ಜೀವಕ್ಕೂ ಕೇಡಿಲ್ಲ, ಸ್ವಲ್ಪ ತಡವಾಗುತ್ತದೆ ಅಷ್ಟೆ.

ಎಲ್ಲ ಮುಗಿದ ಮೇಲೆ ಚಂದ್ರಾಬಾಯಿ, ಹಾಗಾದರೆ ಕುಂಕುಮ ಹಚ್ಚುವುದೇ ಬೇಡವೇನು ಎಂದು ಮೆಲ್ಲಗೆ ಕೇಳಿದಳು. ದಾನೇಶ್ವರಿ ಅವಳ ಕೈ ಹಿಡಿದು ಗಾಡಿಯ ಹಿಂದುಗಡೆ ಕರೆದುಕೊಂಡು ಹೋಗಿ ಎಣ್ಣೆ ತುಂಬುವ ಟಾಕಿಯ ಬೆನ್ನು ತೋರಿಸಿದಳು. ಇಲ್ಲಿ ಎಷ್ಟಾದರೂ ಹಚ್ಚಿ, ಆದರೆ ಗಾಡಿ ಬಂದ್ ಆಗಿರಬೇಕು, ಮೈ ತೊಳೆದಿರಬೇಕು ಎಂದಳು. ಮುದುಕಿಗೆ ಸಮಾಧಾನವಾಗಲಿಲ್ಲ.

“ಹಣಿ ಬಿಟ್ಟು ಕುಂಡಿಗಿ ಕುಂಕುಮ ಹಚ್ಚಿದವರನ್ನ ಎಲ್ಲರ ನೋಡೀಯೇನ ಯವ್ವಾ?”

ಗಾಡಿಯ ಸುತ್ತ ನಿಂತವರೆಲ್ಲ ನಕ್ಕರು. ಆ ಘಟನೆಯ ನಂತರ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು. ಮುದುಕಿಯೂ ನಕ್ಕಳು. ಆ ದಿನ ಹಿಂದುಗಡೆಯೇ ಹಚ್ಚಿದಳು, ಗೊಣಗಿಕೊಂಡೇ.

ಕೆಲವು ವಾರಗಳ ಮೇಲೆ ರಾಜಾರಾಮ ಮತ್ತು ಯುನುಸ ಸಂಘದ ಸಭೆಗೆಂದು ಬಬಲೇಶ್ವರಕ್ಕೆ ಹೋಗಿದ್ದರು. ತಿಕೋಟಾದಲ್ಲಿ ಗಾಡಿ ನಡೆಯುತ್ತಿತ್ತು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಬೀಳುವುದರೊಳಗೆ ಎಣ್ಣೆ ಹೊಡೆದು ಮುಗಿಯದಿದ್ದರೆ ಗೊನೆಗಳ ಗತಿ ಏನೆಂದು ಅಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆಗ ಫೋನು ಕುಂಯ್ ಎಂದಿತು. ಮುಂದುವರಿಸಲೇ?

ರಾಜಾರಾಮ ಚಿತ್ರ ತೆರೆದ. ಕಣ್ಣು ಈಗ ಸ್ವಚ್ಛವಾಗಿತ್ತು, ಆದರೆ ಎಲೆಗಳ ನೆರಳಿನಲ್ಲಿ ಕಪ್ಪಗೆ ಏನೋ ಇತ್ತು, ಏನೆಂದು ತಿಳಿಯುವಂತಿರಲಿಲ್ಲ. ವಿಶಾಖಾಳಿಗೆ ಫೋನ್ ಮಾಡಿ ಹೋಗಿ ನೋಡಲು ಹೇಳಿದ. ಕಾದ. ಗಾಳಿ ತಣ್ಣಗಾಯಿತು. ಯುನುಸ ಕಿಟಕಿಯಿಂದ ಮೋಡ ನೋಡಿ, ಎಲೆ ಇರಬೇಕು, ಒತ್ತಿಬಿಡು, ಹೊತ್ತು ಹೋಗುತ್ತದೆ ಎಂದ. ರಾಜಾರಾಮ ಫೋನನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿಕೊಂಡು ಕೂತ.

ಫೋನು ರಿಂಗಾಯಿತು.

“ಟೊಂಗಿ ಐತ್ರಿ,” ವಿಶಾಖಾ ಹೇಳಿದಳು. “ಗೊನಿ ಭಾರಕ್ಕ ಬಾಗಿತ್ತು. ಗುಂಡಿ ಒತ್ತಿ ಗಾಡಿ ಬಂದ್ ಮಾಡಿ, ಎತ್ತಿ ಕಟ್ಟೀನಿ. ಈಗ ಗುಂಡಿ ಬಿಟ್ಟು ಹೊರಗ ಬಂದು ನಿಂತೀನಿ.”

“ಅವ್ವ?”

“ಇಲ್ಲೇ ನನ್ನ ಬಾಜೂಕ ಕುಂತಾರ. ಮಾತಾಡ್ತೀರೇನು?”

“ಬ್ಯಾಡ. ಅದಾಳಲ್ಲ, ಸಾಕು.”

ಆಮೇಲೆ ಒತ್ತಿದ. ಯುನುಸ ಅವನ ಮುಖ ನೋಡಿ, ಒಂದು ಟೊಂಗೆಯ ಸಲುವಾಗಿ ಇಷ್ಟು ಹೊತ್ತು ಕಾದೆಯಲ್ಲ ಎಂದು ಚೇಷ್ಟೆ ಮಾಡಿದ.

“ಹೌದೋ ಮಾರಾಯಾ,” ರಾಜಾರಾಮ ಹೇಳಿದ. “ದಿನಾ ಟೊಂಗೀನ ಇರಲಿ ಅಂತ ಕಾಯತೀನಿ.”

ಈ ಕಥೆಯನ್ನು ಓದುತ್ತಿರುವ ಅಣ್ಣಂದಿರೇ, ಸಂಘದ ಕೂಟದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಹೊಲಕ್ಕೂ ಇಂಥ ಗಾಡಿ ಇವತ್ತಲ್ಲ ನಾಳೆ ಬರಬಹುದು. ಬರಲಿ, ಹೆದರಬೇಡಿ. ಚಾಲಕನಿಲ್ಲದ ಗಾಡಿ ಎಂದರೆ ಹೊಣೆಗಾರನಿಲ್ಲದ ಗಾಡಿ ಅಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಅದರ ಕಣ್ಣು ಒರೆಸಿ, ಅದರ ದೀಪ ನೋಡಿ, ದೀಪದ ಜೊತೆ ಹೊತ್ತನ್ನೂ ನೋಡಿ. ಕೆಂಪು ಗುಂಡಿ ಎಲ್ಲಿದೆ ಎಂದು ಮನೆಯ ಪ್ರತಿಯೊಬ್ಬರಿಗೂ ತೋರಿಸಿ. ಅದು ನಿಂತು ಕೇಳಿದಾಗ ನೂರಕ್ಕೆ ತೊಂಬತ್ತೊಂಬತ್ತು ಸಲ ಎದುರಿಗೆ ಬರೀ ಎಲೆಯೇ ಇರುತ್ತದೆ. ಉಳಿದ ಆ ಒಂದು ಸಲ ನಿಮ್ಮ ತಾಯಿ ನಿಂತಿರಬಹುದು. ಎದ್ದು ಹೋಗಿ ನೋಡಿ, ಆಮೇಲೆ ಒತ್ತಿ.